ಕಾರವಾರದಿಂದ ಫತೋರ್ಡಾಕ್ಕೆ ಮ್ಯಾಚ್ ಬಸ್: ನೀಲಿಯವರು, ಕಿತ್ತಳೆಯವರು ಒಂದೇ ಗಾಡಿಯಲ್ಲಿ ಹೋಗೋದು ಹೇಗೆ?

ಕೋಡಿಬಾಗದ ನೀಲಿ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಾನು ಕಾರವಾರದವನು. ಬೆಂಗಳೂರಿನಲ್ಲಿ ಓದುವಾಗ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಹುಚ್ಚು ಹತ್ತಿತು, ನೀಲಿ ಜೆರ್ಸಿಯವರು. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಗುಂಪಿನ ಹುಡುಗರ ಜೊತೆ ನಿಂತು ಕೂಗಿ ಕೂಗಿ, ಸೋಮವಾರ ಕ್ಲಾಸಿನಲ್ಲಿ ಹಾಜರಿ ಹೇಳುವುದಕ್ಕೂ ಗಂಟಲು ಇರುತ್ತಿರಲಿಲ್ಲ. ಈಗ ಊರಲ್ಲೇ ಕೆಲಸ. ಊರಿಗೆ ಬಂದ ಮೇಲೆ ಗೊತ್ತಾಯಿತು, ನನ್ನ ತಂಡದ ಹೋಮ್ ಗ್ರೌಂಡ್ 500 ಕಿಲೋಮೀಟರಿಗಿಂತ ದೂರ. ಅವೇ ಮ್ಯಾಚ್ (ಎದುರಾಳಿಯ ಊರಲ್ಲಿ ಆಡುವುದು) ಆಡುವ ಫತೋರ್ಡಾ, ಗೋವಾದ ಮಡಗಾಂವಿನ ಸ್ಟೇಡಿಯಂ, ಬರೀ 70 ಕಿಲೋಮೀಟರ್. ಹಾಗಾಗಿ ನನಗೆ ಅವೇ ಮ್ಯಾಚೇ ಮನೆ ಮ್ಯಾಚ್.

ಕಷ್ಟ ಎಂತ ಅಂದ್ರೆ, ಇಲ್ಲಿಯ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಫ್‌ಸಿ ಗೋವಾ, ಅಂದ್ರೆ ಕಿತ್ತಳೆ ಜೆರ್ಸಿಯ ಕಡೆ. ತಪ್ಪು ಅಂತ ಹೇಳುತ್ತಿಲ್ಲ. ಮನೆಮಾತು ಕೊಂಕಣಿ, ಅರ್ಧ ನೆಂಟರು ಕಾಣಕೋಣ, ಕುಂಕಳ್ಳಿ ಕಡೆ. ಕಾಳಿ ಹೊಳೆ ದಾಟಿ ಮಾಜಾಳಿ ಮುಗಿಸಿದರೆ ಗೋವಾ ಬಂತು. ಆದರೆ ಒಂದೇ ಬಣ್ಣದವರನ್ನು ಸೇರಿಸಿ ಬಸ್ ತುಂಬಿಸೋಕೆ ಆಗೋದಿಲ್ಲ. ತಲೆ ಕಡಿಮೆ ಆದರೆ ಬಾಡಿಗೆ ಜಾಸ್ತಿ. ಹಾಗಾಗಿ ಎರಡೂ ಕಡೆಯವರು ಒಂದೇ ಗಾಡಿ ಹತ್ತಬೇಕು.

ಹೋದ ಸಲ ಹಾಗೇ ಮಾಡಿದೆವು. 2025ರ ಏಪ್ರಿಲ್ 6, ಭಾನುವಾರ, ರಾಮನವಮಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನ ಎರಡನೇ ಲೆಗ್. ಎರಡು ಮ್ಯಾಚಿನ ಗೋಲು ಕೂಡಿಸಿ ಯಾರದು ಹೆಚ್ಚೋ ಅವರು ಫೈನಲ್‌ಗೆ. ಬೆಂಗಳೂರಿನಲ್ಲಿ ಮೊದಲನೆಯದನ್ನು ನಾವು 2-0 ಗೆದ್ದಾಗಿತ್ತು. ಹದಿನೇಳು ಸೀಟಿನ ಟಿಟಿ (ಟೆಂಪೋ ಟ್ರಾವೆಲರ್). ಒಂಬತ್ತು ಕಿತ್ತಳೆ, ಆರು ನೀಲಿ. ಉಳಿದ ಇಬ್ಬರಿಗೆ ಫುಟ್‌ಬಾಲ್ ಬೇಡವೇ ಬೇಡ, ಮಡಗಾಂವ್ ತಿರುಗೋಕೆ ಬಂದವರು. ಮನೆಯಲ್ಲಿ ಪಾನಕ ಕುಡಿದು ಮಧ್ಯಾಹ್ನ ಮೂರಕ್ಕೆ ಹೊರಟೆವು. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಹೊಳೆಗೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆ ಮೇಲೇ. ಅಲ್ಲೇ ನಿಧಾನ ಆಯಿತು. ಸೇತುವೆ ದಾಟುವಷ್ಟರಲ್ಲಿ ಹಾಡಿನ ಜಗಳ ಶುರು. ಒಬ್ಬ ಬೆಂಗಳೂರಿನ ಹಾಡು ಹೇಳಿದರೆ ಒಂಬತ್ತು ಜನ ಸೀಟು ಬಡಿಯುವುದು. ಡ್ರೈವರ್ ಹೊನ್ನಾವರದವರು. ‘ನಂಗೆ ಎರಡೂ ಕಡೆಯವರ ಬಾಡಿಗೆ ಬರ್ತದೆ, ಗಾಜು ಮಾತ್ರ ಒಡೀಬೇಡಿ’ ಅಂದರು.

ಟಿಕೆಟ್ ತೆಗೆಯುವ ಕೆಲಸ ನನ್ನ ಚಿಕ್ಕಪ್ಪನ ಮಗನದ್ದು. ಅವನು ಕಿತ್ತಳೆ. ಹದಿನೈದು ಟಿಕೆಟನ್ನೂ ಒಟ್ಟಿಗೆ ಗೋವಾದವರ ಸ್ಟ್ಯಾಂಡಿನಲ್ಲೇ ತೆಗೆದುಬಿಟ್ಟಿದ್ದ. ಬೇಕು ಅಂತ ಮಾಡಿದ್ದೋ, ತಿಳಿಯದೆ ಮಾಡಿದ್ದೋ, ಇವತ್ತಿಗೂ ಬಾಯಿ ಬಿಡುವುದಿಲ್ಲ. ಕುಂಕಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾವು ಆರು ಜನ ಜೆರ್ಸಿ ಮೇಲೆ ಬೇರೆ ಅಂಗಿ ಹಾಕಿಕೊಂಡೆವು. ನನ್ನದು ಅಣ್ಣನ ಚೌಕುಳಿ ಅಂಗಿ, ಕುತ್ತಿಗೆಯ ಗುಂಡಿವರೆಗೂ ಹಾಕಿದ್ದೆ. ಏಪ್ರಿಲ್ ಸೆಖೆ. ಒಳಗೆ ಜೆರ್ಸಿ ಒದ್ದೆಯಾಗಿ ಮೈಗೆ ಅಂಟಿಕೊಂಡು, ಥೇಟ್ ಬಾಳೆಎಲೆಯಲ್ಲಿ ಸುತ್ತಿಟ್ಟ ಮೀನು.

ಎರಡನೇ ಅರ್ಧ ಶುರುವಾಗುತ್ತಲೇ ಗೋವಾದ ಬೋರ್ಹಾ ಗೋಲು ಹೊಡೆದ. 88ನೇ ನಿಮಿಷ ಸಾದಿಕು ಹೊಡೆದ. ಒಟ್ಟು ಲೆಕ್ಕ 2-2. ಪಕ್ಕದಲ್ಲಿದ್ದ ದಪ್ಪ ಮನುಷ್ಯ, ಯಾರೋ ಗೊತ್ತಿಲ್ಲ, ನನ್ನನ್ನು ತಬ್ಬಿಕೊಂಡು ಎತ್ತಿ ಕುಣಿಸಿದ. ನಾನೂ ಹಲ್ಲು ಕಿರಿದೆ. ಎಂತ ಮಾಡೋದು? ಗಾಳಿಯಲ್ಲಿದ್ದಾಗ ಮೇಲಿನ ಗುಂಡಿ ಕಿತ್ತುಹೋಯಿತು. ಆ ಮನುಷ್ಯನಿಗೆ ಒಳಗಿನ ನೀಲಿ ಕಂಡಿತೋ ಇಲ್ಲವೋ. ಕೈಯಲ್ಲಿ ಕಾಲರ್ ಮುಚ್ಚಿಕೊಂಡೇ ಕೂತೆ.

ಆಮೇಲೆ ಹೆಚ್ಚುವರಿ ನಿಮಿಷ. ಕ್ರಾಸ್ ಬಂತು, ನಮ್ಮ ಛೇತ್ರಿ ತಲೆ ಕೊಟ್ಟ, ಗೋಲು. ನಲವತ್ತು ವರ್ಷದ ಮನುಷ್ಯ! ಒಟ್ಟು 3-2, ಫೈನಲ್‌ಗೆ ನಾವು. ಇಡೀ ಸ್ಟ್ಯಾಂಡ್ ಸತ್ತ ಮನೆ. ನಾನು ಮುಖವನ್ನು ಮೊಣಕಾಲ ನಡುವೆ ಹಾಕಿ ಟವೆಲ್ ಕಚ್ಚಿಕೊಂಡು ಕೂತೆ. ಭುಜ ಅಲುಗುತ್ತಿತ್ತು. ಅದೇ ದಪ್ಪ ಮನುಷ್ಯ ನಾನು ಅಳುತ್ತಿದ್ದೇನೆ ಅಂತ ಬೆನ್ನು ಸವರಿದ. ಈಗಲೂ ನನಗೆ ಅದೊಂದು ಪಾಪಪ್ರಜ್ಞೆ.

ವಾಪಸ್ ಬರುವಾಗ ಇನ್ನೊಂದು. ತಿರುಗೋಕೆ ಬಂದ ಇಬ್ಬರಲ್ಲಿ ಒಬ್ಬ ಟವೆಲ್ಲಿನಲ್ಲಿ ಬಾಟಲಿ ಸುತ್ತಿಟ್ಟುಕೊಂಡಿದ್ದ. ಮಾಜಾಳಿಯಲ್ಲಿ ತಪಾಸಣೆ. ಎಲ್ಲರೂ ಕೆಳಗೆ, ಎಲ್ಲರ ಬ್ಯಾಗೂ ಕೆಳಗೆ. ಒಂದೂವರೆ ಗಂಟೆ. ಸೋತ ಒಂಬತ್ತು, ಗೆದ್ದ ಆರು, ಎಲ್ಲರೂ ಸೇರಿ ಅವನಿಗೆ ಬೈದದ್ದೇ ಆ ದಿನದ ಒಗ್ಗಟ್ಟು.

ಮುಂದಿನ ಸಲ ದೊಡ್ಡ ಬಸ್ಸೇ ಮಾಡಬೇಕು ಅಂತಿದ್ದೇನೆ. ಎರಡೂ ಬಣ್ಣದವರನ್ನು ಒಂದೇ ಬಸ್ಸಿನಲ್ಲಿ ಕರೆದೊಯ್ಯಬಹುದಾ, ಇಲ್ಲ ಇದು ಹುಚ್ಚು ಕೆಲಸವಾ? ಟಿಕೆಟ್ ಹೇಗೆ? ಬಾಟಲಿಯವರನ್ನು ಎಂತ ಮಾಡೋದು? ಹಿಂದೆ ನಮ್ಮೂರಿನವರು ಗೋವಾಕ್ಕೆ ಮ್ಯಾಚ್ ನೋಡಲು ಹೇಗೆ ಹೋಗುತ್ತಿದ್ದರು? ಹಳಬರು ಯಾರಾದರೂ ಇದ್ದರೆ ಹೇಳಿ.

ಬಂದರ್ ರೋಡ್:

ಕಾರವಾರದಲ್ಲಿದ್ದುಕೊಂಡು ಬೆಂಗಳೂರಿಗೆ ಕೂಗುವವರಿಗೆ ಬಸ್ಸಿನ ಡಿಕ್ಕಿಯಲ್ಲಿ ಜಾಗ ಕೊಡಿ. ಸಮಸ್ಯೆ ಮುಗಿಯಿತು.

(ತಮಾಷೆ. 2019ರ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ಬೆಂಗಳೂರಿನ ಭೇಕೆ ಗೋವಾಕ್ಕೆ ಹೊಡೆದ ಹೆಡರ್ ಗೋಲು ಇನ್ನೂ ಹೊಟ್ಟೆಯಲ್ಲಿದೆ, ಅದಕ್ಕೆ.)

ಹಳೇ ಹಾಫ್‌ಬ್ಯಾಕ್:

ತಮ್ಮಾ, ಹಳಬರು ಅಂದೆಯಲ್ಲ, ಬಂದೆ. ನನಗೆ ಅರವತ್ತೇಳು. ಮಾಲಾದೇವಿ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವನು.

ಕಾಳಿಗೆ ಸೇತುವೆ ಆಗುವ ಮೊದಲು ಪಣಜಿಗೆ ಮ್ಯಾಚ್ ನೋಡಲು ಹೋಗುವುದು ಅಂದರೆ ಎರಡು ಹೊಳೆ ದಾಟಬೇಕು. ಮೊದಲು ನಿಮ್ಮ ಕೋಡಿಬಾಗದಿಂದ ಸದಾಶಿವಗಡಕ್ಕೆ ಬಾರ್ಜು. ಆಮೇಲೆ ಕುಠಾಳಿಯಲ್ಲಿ ಜುವಾರಿಗೆ ಇನ್ನೊಂದು ಫೆರಿ. ಗೋವಾದ ಬಾಂದೋಡಕರ್ ಟ್ರೋಫಿ ಫುಟ್‌ಬಾಲ್ ನೋಡಲು ಹೋದಾಗ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟಿದ್ದೆವು. ಮ್ಯಾಚ್ ಮುಗಿಯುವ ಹತ್ತು ನಿಮಿಷ ಮೊದಲೇ ಎದ್ದು ಓಡಬೇಕು, ಇಲ್ಲದಿದ್ದರೆ ಕೊನೇ ಬಾರ್ಜು ತಪ್ಪುತ್ತದೆ. ನಾನು ಆ ಕಾಲದಲ್ಲಿ ಎಷ್ಟೋ ಮ್ಯಾಚಿನ ಕೊನೇ ಗೋಲು ನೋಡಿಯೇ ಇಲ್ಲ. ಫೆರಿಯಲ್ಲಿ ಯಾರಾದರೂ ಹಿಂದಿನಿಂದ ಬಂದವರು ಹೇಳಬೇಕು. ಅವರೂ ಓಡಿ ಬಂದವರೇ!

ಸೇತುವೆ ಆಯಿತು. 1989ರಲ್ಲಿ ಫತೋರ್ಡಾ ಸ್ಟೇಡಿಯಂ ಆಯಿತು. ಆಗ ನಮ್ಮ ಗಾಡಿ ಯಾವುದು ಗೊತ್ತಾ? ಮೀನಿನ ಮೆಟಡೋರ್. ಅದು ಹೇಗೂ ಬೆಳಿಗ್ಗೆ ಮಡಗಾಂವ್ ಮಾರ್ಕೆಟಿಗೆ ಹೋಗಬೇಕು. ಮಾಲೀಕ ಬಾಡಿಗೆ ಕೇಳುತ್ತಿರಲಿಲ್ಲ. ಅಲ್ಲಿ ಬುಟ್ಟಿ ಇಳಿಸಿಕೊಡಬೇಕು, ವಾಪಸ್ ಬರುವಾಗ ಖಾಲಿ ಬುಟ್ಟಿ ಎಣಿಸಿ ತರಬೇಕು, ಅಷ್ಟೇ. ಬಂಗಡೆ ಬುಟ್ಟಿಯ ಮೇಲೆ ತಾಡಪಾಲು, ತಾಡಪಾಲಿನ ಮೇಲೆ ನಾವು ಹನ್ನೆರಡು ಜನ. ಕೆಳಗಿನ ಐಸು ಕರಗಿ ಚಡ್ಡಿ ಒದ್ದೆ. ಕರ್ಮಲ್ ಘಾಟಿಯ ತಿರುವಿನಲ್ಲಿ ಬುಟ್ಟಿ ಒಂದು ಕಡೆ ಜಾರಿದರೆ ನಾವೂ ಆ ಕಡೆಗೇ. ಈಗ ಕಾಣಕೋಣದ ಹತ್ತಿರ ಬೈಪಾಸ್, ದೊಡ್ಡ ದೊಡ್ಡ ಸೇತುವೆ ಎಲ್ಲ ಆಗಿದೆ. ಘಾಟಿ ಮಾತ್ರ ಹಾಗೇ ಇದೆ. ಮುಂದಿನ ಸೀಟಿನವರಿಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಿರು.

ಹತ್ತು ಗಂಟೆಗೆ ಬುಟ್ಟಿ ಇಳಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಸ್ಟೇಡಿಯಮ್ಮಿಗೆ ಹೋದರೆ ಎಷ್ಟು ಜನ ತುಂಬಿದ್ದರೂ ನಮ್ಮ ಸುತ್ತ ಮಾತ್ರ ಜಾಗ ಖಾಲಿ. ನೀವು ಈಗ ಅವೇ ಸ್ಟ್ಯಾಂಡ್ ಅಂತ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೀರಲ್ಲ, ನಮಗೆ ಅದು ವಾಸನೆಯಿಂದಲೇ ಸಿಗುತ್ತಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 1990ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್ ಮಡಗಾಂವಿನಲ್ಲಿ, ಗೋವಾ ಮತ್ತು ಕೇರಳ. ನಾವೆಲ್ಲ ಗೋವಾ ಕಡೆ. ಆದರೆ ಬಂದರಿನ ಕೆಲಸಕ್ಕೆ ಬಂದಿದ್ದ ಕೇರಳದ ಇಬ್ಬರು ನಮ್ಮ ಜೊತೆ ಸಂಜೆ ಆಡುತ್ತಿದ್ದರು. ಅವರನ್ನು ಬಿಟ್ಟು ಹೋಗೋದು ಹೇಗೆ? ಅವರೂ ಅದೇ ಬುಟ್ಟಿಯ ಮೇಲೆ ಕೂತರು. ಹತ್ತುವ ಮೊದಲೇ ಮೆಟಡೋರಿನ ಡ್ರೈವರ್ ಒಂದು ಕಾನೂನು ಮಾಡಿದ: ಗೆದ್ದವರು ಸೋತವರಿಗೆ ರೋಸ್ ಆಮ್ಲೆಟ್ (ಮಸಾಲೆ ರಸ ಹಾಕಿದ ಆಮ್ಲೆಟ್) ಕೊಡಿಸಬೇಕು. ಯಾಕೆ ಗೆದ್ದವರು ಅಂತ ಕೇಳಿದೆವು. ‘ಸೋತವನ ಹತ್ತಿರ ದುಡ್ಡು ಕೇಳಿದರೆ ಬಡಿದಾಟ ಆಗ್ತದೆ, ನನ್ನ ಬುಟ್ಟಿ ಒಡೀತದೆ’ ಅಂದ. ಗೋವಾ 2-0 ಗೆದ್ದಿತು. ಮಡಗಾಂವಿನ ಗಾಡಿಯಂಗಡಿಯ ಎದುರು ಆ ಇಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ ನಾವು ಹತ್ತು ಜನ ನಿಂತು ತಿನ್ನಿಸಿದೆವು. ಆಮ್ಲೆಟ್ಟಿನ ಮೇಲೆ ಶಾಕುತಿ ರಸ ಹಾಕಿಸಿ ಹಾಕಿಸಿ, ಪಾವಿನಲ್ಲಿ ಒತ್ತಿ ಒತ್ತಿ ತಿಂದರು. ಒಬ್ಬ ಮೂರು ತಿಂದ. ನಮ್ಮ ಹತ್ತಿರ ವಾಪಸ್ ಚಹಾಕ್ಕೂ ದುಡ್ಡು ಉಳಿಯಲಿಲ್ಲ.

ಒಂದೇ ಬಸ್ಸಿನಲ್ಲಿ ಹೋಗಿ. ಟಿಕೆಟ್ ಮಾತ್ರ ಬೇರೆ ಬೇರೆ ತೆಗೆಯಿರಿ. ನಮ್ಮ ಕಾಲದಲ್ಲಿ ಎಲ್ಲಿ ಕೂತರೂ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಮತ್ತೆ, ಟಿಕೆಟ್ ತೆಗೆಯುವ ಕೆಲಸ ನಿನ್ನ ತಮ್ಮನಿಗೆ ಕೊಡಬೇಡ.

ಹೈವೇ ಚಹಾ:

ಅಂಕೋಲಾ ಹತ್ತಿರ ಹೆದ್ದಾರಿಯಲ್ಲಿ ನಮ್ಮದು ಚಹಾ ಅಂಗಡಿ. ನಾನು ಮ್ಯಾಚಿಗೆ ಹೋದವನಲ್ಲ, ಹೋಗುವವರಿಗೆ ಚಹಾ ಕೊಟ್ಟವನು.

2022ರ ಮಾರ್ಚ್ 20ಕ್ಕೆ ಫತೋರ್ಡಾದಲ್ಲಿ ಫೈನಲ್ ಇತ್ತಲ್ಲ, ಕೇರಳ ಬ್ಲಾಸ್ಟರ್ಸ್ ಮತ್ತು ಹೈದರಾಬಾದ್. ಕೊರೊನಾ ಕಾಲದಲ್ಲಿ ಎರಡು ಸೀಸನ್ ಗೋವಾದಲ್ಲೇ, ಜನ ಇಲ್ಲದೆ ಆಡಿಸಿ, ಆ ಫೈನಲ್ಲಿಗೆ ಜನರನ್ನು ಬಿಟ್ಟಿದ್ದರು. ಹಿಂದಿನ ರಾತ್ರಿಯಿಂದಲೇ ದಕ್ಷಿಣದಿಂದ ಹಳದಿ ಬಾವುಟದ ಗಾಡಿಗಳು. ಬಸ್ಸು, ಕಾರು, ಬೈಕು. ಬೈಕಿನ ಹುಡುಗರನ್ನು ನೋಡಿ ಹೆದರಿಕೆ ಆಗುತ್ತಿತ್ತು, ಕಣ್ಣು ಕೆಂಪಾಗಿರುತ್ತಿತ್ತು. ಮುಖ ತೊಳೆದು, ಒಂದು ತಾಸು ಮಲಗಿ ಹೋಗಿ ಅಂತ ಬೆಂಚು ಖಾಲಿ ಮಾಡಿಕೊಟ್ಟಿದ್ದೆ. ಆ ದಿನ ಕಾಸರಗೋಡು ಕಡೆ ಹೀಗೆ ಬೈಕಿನಲ್ಲಿ ಹೊರಟ ಇಬ್ಬರು ಹುಡುಗರು ಅಪಘಾತದಲ್ಲಿ ತೀರಿಹೋದರು ಅಂತ ಸಂಜೆ ಸುದ್ದಿ ಬಂತು. ಹಾಗಾಗಿ ತಮ್ಮಾ, ಬಸ್ಸು ಮಾಡುತ್ತಿದ್ದೀಯಲ್ಲ, ಒಳ್ಳೆಯದು. ಬೈಕ್ ಬೇಡ.

ನಗು ಬರುವ ವಿಷಯವೂ ಇದೆ. ನನ್ನ ಅಂಗಡಿ ಮುಂದೆ ನವೆಂಬರಿನಲ್ಲಿ ಕಟ್ಟಿದ ಕನ್ನಡ ಬಾವುಟ ಹಾಗೇ ಇತ್ತು. ಬಿಸಿಲಿಗೆ ಕೆಂಪು ಪೂರ್ತಿ ಮಾಸಿ ಹಳದಿ ಮಾತ್ರ ಉಳಿದಿತ್ತು. ಅವರೆಲ್ಲ ನಾನೂ ಬ್ಲಾಸ್ಟರ್ಸ್ ಅಂತ ತಿಳಿದು ಅಂಗಡಿ ಮುಂದೆ ಫೋಟೋ ತೆಗೆಸಿಕೊಂಡು ಹೋದರು. ನಾನೂ ಬೇಡ ಅನ್ನಲಿಲ್ಲ, ಎಂಟು ಲೀಟರ್ ಹಾಲು ಜಾಸ್ತಿ ಖರ್ಚಾಗಿತ್ತು! ಪಾಪ, ಅಷ್ಟು ಹಳದಿ ಹಾಕಿಕೊಂಡು ಹೋದರೆ ಅವರ ಆಟಗಾರರಿಗೇ ಆ ದಿನ ಹಳದಿ ಜೆರ್ಸಿ ಇಲ್ಲ. ಅದು ಹೈದರಾಬಾದಿಗೆ ಸಿಕ್ಕಿ, ಇವರು ಕಪ್ಪು ಹಾಕಿ ಆಡಿದರು. ಪೆನಾಲ್ಟಿಯಲ್ಲಿ ಸೋತರು. ಮರುದಿನ ಬೆಳಿಗ್ಗೆ ಅದೇ ಗಾಡಿಗಳು ವಾಪಸ್, ಬಾವುಟ ಒಳಗೆ ಮಡಚಿಟ್ಟು. ಚಹಾ ಮಾತ್ರ ಅಷ್ಟೇ ಕುಡಿದರು.

ಕುಮಟಾ ಟು ಲಂಕಾಷೈರ್:

ನಾನು ಕುಮಟೆಯವನು. ಇಂಗ್ಲೆಂಡಿನಲ್ಲಿ ಏಳು ವರ್ಷ ಆಯಿತು. ಇಲ್ಲಿ ಒಂದು ಸಣ್ಣ ಊರಿನ ಕೆಳಗಿನ ಡಿವಿಷನ್ ತಂಡದ ಅವೇ ಬಸ್ಸಿನಲ್ಲಿ ಹೋಗುತ್ತಿರುತ್ತೇನೆ. ಬಸ್ಸಿನಲ್ಲಿ ಅರ್ಧ ಜನ ಹಾಫ್‌ಬ್ಯಾಕ್ ಮಾಮನ ವಯಸ್ಸಿನವರೇ. ಒಬ್ಬೊಬ್ಬರಿಗೆ ಇಪ್ಪತ್ತು ವರ್ಷದಿಂದ ಅದೇ ಸೀಟು. ಮೊದಲ ದಿನ ತಿಳಿಯದೆ ಒಬ್ಬರ ಜಾಗದಲ್ಲಿ ಕೂತೆ. ಯಾರೂ ಏನೂ ಹೇಳಲಿಲ್ಲ, ಎಲ್ಲರೂ ಸುಮ್ನೆ ನೋಡಿದರು. ಎದ್ದುಬಿಟ್ಟೆ.

ಬಾಟಲಿ ವಿಷಯಕ್ಕೆ ಇಲ್ಲಿ ಕಾನೂನೇ ಇದೆ, 1985ರದ್ದು. ಮ್ಯಾಚಿಗೆ ಹೋಗುವ ಬಸ್ಸಿನಲ್ಲಿ ಕುಡಿಯುವುದು ಬಿಡಿ, ಬಾಟಲಿ ಇಟ್ಟುಕೊಂಡರೂ ತಪ್ಪು. ಗೊತ್ತಿದ್ದೂ ಬಿಟ್ಟರೆ ಬಸ್ಸಿನವರ ಮೇಲೂ ಕೇಸು. ಅದಕ್ಕೇ ಡ್ರೈವರ್ ಹತ್ತುವಾಗಲೇ ಬ್ಯಾಗ್ ನೋಡುತ್ತಾನೆ. ನೀವೂ ಡ್ರೈವರನ ಕೈಗೆ ಆ ಅಧಿಕಾರ ಕೊಡಿ. ಗೆಳೆಯ ಹೇಳಿದರೆ ಮುನಿಸು, ಡ್ರೈವರ್ ಹೇಳಿದರೆ ಕಾನೂನು.

ಹಳಬರ ಬಾಯಲ್ಲಿ ಇನ್ನೂ ಮಜಾ ಇದೆ. ಆಗ ರೈಲಿನವರು ಫುಟ್‌ಬಾಲ್ ಸ್ಪೆಷಲ್ ಅಂತ ಬಿಡುತ್ತಿದ್ದರಂತೆ, ಯಾತಕ್ಕೂ ಬೇಡವಾದ ಹಳೇ ಬೋಗಿಗಳನ್ನು ಹುಡುಕಿ ಜೋಡಿಸಿ. ಹೇಗೂ ಸೀಟು ಹರಿಯುತ್ತಾರೆ ಅಂತ. ಹೆದ್ದಾರಿಯ ಕೆಲವು ಹೋಟೆಲುಗಳಲ್ಲಿ ‘ಫುಟ್‌ಬಾಲ್ ಬಸ್ಸಿಗೆ ಪ್ರವೇಶ ಇಲ್ಲ’ ಅಂತ ಬೋರ್ಡೇ ಇರುತ್ತಿತ್ತಂತೆ. ಈಗ ಬಸ್ಸು ಮೆತ್ತಗಿದೆ, ಟಿಕೆಟ್ ದುಬಾರಿ. ಪ್ರೀಮಿಯರ್ ಲೀಗಿನಲ್ಲಿ ಅವೇ ಅಭಿಮಾನಿಗಳ ಟಿಕೆಟ್ 30 ಪೌಂಡ್ ದಾಟಬಾರದು ಅಂತ ಅಭಿಮಾನಿಗಳೇ ಗಲಾಟೆ ಮಾಡಿ 2016ರಲ್ಲಿ ಮಿತಿ ತಂದರು.

ಆದರೆ ಎರಡು ತಂಡದವರು ಒಂದೇ ಬಸ್ಸಿನಲ್ಲಿ? ಇಲ್ಲಿ ಪಕ್ಕದ ಸೀಟಿನ ಅಜ್ಜನಿಗೆ ಈ ಕಥೆ ಹೇಳಿದೆ. ಮೀನಿನ ಗಾಡಿ ನಂಬಿದರು. ಇದನ್ನು ನಂಬಲಿಲ್ಲ.

ಘಟ್ಟದ ಮೇಲಿನವಳು:

ಶಿರಸಿಯಿಂದ. ನಾವು ಐದು ಜನ, ಅದರಲ್ಲಿ ಮೂವರು ಹೆಂಗಸರು, 2023ರ ಮಾರ್ಚ್ 18ರ ಫೈನಲ್ಲಿಗೆ ಹೋಗಿದ್ದೆವು. ಬೆಂಗಳೂರು ಮತ್ತು ಎಟಿಕೆ ಮೋಹನ್ ಬಾಗಾನ್. 2-2, ಪೆನಾಲ್ಟಿಯಲ್ಲಿ 4-3 ಸೋತೆವು. ಆ ಮಾತು ಬೇಡ.

ಬಸ್ಸು ಮಾಡುವವರು ಯಾರೂ ಯೋಚನೆ ಮಾಡದ ವಿಷಯ ಹೇಳುತ್ತೇನೆ, ಶೌಚಾಲಯ. ಕುಂಕಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು ಅಂತ ಬರೆದಿದ್ದೀರಲ್ಲ, ಅಲ್ಲಿ ಹೆಂಗಸರಿಗೆ ಜಾಗ ಇತ್ತಾ ಅಂತ ನೋಡಿದ್ರಾ? ಹೋಗುವಾಗ ಒಂದು, ರಾತ್ರಿ ಬರುವಾಗ ಒಂದು, ಎಲ್ಲಿ ನಿಲ್ಲಿಸುತ್ತೀರಿ ಅಂತ ಮೊದಲೇ ಹೇಳಿ. ಆಗ ನಮ್ಮಂಥವರೂ ಬರುತ್ತೇವೆ, ನಿಮ್ಮ ಸೀಟು ತುಂಬುತ್ತದೆ. ನಾವು ಆ ದಿನ ಮಧ್ಯಾಹ್ನದಿಂದ ನೀರೇ ಕುಡಿದಿರಲಿಲ್ಲ. ಪೆನಾಲ್ಟಿ ಹೊತ್ತಿಗೆ ತಲೆ ತಿರುಗಿದ್ದು ಟೆನ್ಶನ್‌ನಿಂದಲೋ ಅದರಿಂದಲೋ.

ಇನ್ನೊಂದು, ತಿಂಡಿ ಡಬ್ಬಿ ಗೇಟಿನ ಒಳಗೆ ಬಿಡಲಿಲ್ಲ. ತಪ್ಪು ನಂದೇ, ಟಿಕೆಟಿನಲ್ಲಿ ಬರೆದಿತ್ತು. ಮಾವಿನಕಾಯಿ ಚಿತ್ರಾನ್ನ, ಅಮ್ಮ ನಾಲ್ಕಕ್ಕೆ ಎದ್ದು ಮಾಡಿದ್ದು. ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ಕೂತು ಐದೂ ಜನ ಐದು ನಿಮಿಷದಲ್ಲಿ ನುಂಗಿದೆವು. ಕೋಲ್ಕತ್ತಾದ ಇಬ್ಬರು ಹುಡುಗರು ನೋಡುತ್ತಾ ನಿಂತಿದ್ದರು, ಅವರಿಗೂ ಕೊಟ್ಟೆವು. ಕೊಡಬಾರದಿತ್ತು.

ಬಸ್ ತುಂಬದಿದ್ದರೆ ಕಾರವಾರದಿಂದ ಮಡಗಾಂವಿಗೆ ಕದಂಬ ಬಸ್ಸು ಇದ್ದೇ ಇದೆಯಲ್ಲ. ಗೋವಾದ್ದಾದರೂ ಹೆಸರು ನಮ್ಮ ಬನವಾಸಿಯದ್ದು. ಹೋಗುವಾಗ ಪರವಾಗಿಲ್ಲ. ಏಳೂವರೆಯ ಮ್ಯಾಚ್ ಮುಗಿಸಿ ವಾಪಸ್ ಬರಲು ಮಾತ್ರ ಸ್ವಂತ ಗಾಡಿಯೇ ಬೇಕು.

ಬಂದರ್ ರೋಡ್:

ಮೇಲಿನವರಿಗೆ: ಚಿತ್ರಾನ್ನ ಕೊಟ್ಟಿದ್ದಕ್ಕೇ ಬಾಗಾನ್ ಗೆದ್ದಿದ್ದು.

ಕೋಡಿಬಾಗದವನಿಗೆ: ಗಾಡಿ ಹಳದಿ ಬೋರ್ಡ್ ಇರಲಿ, ಗೋವಾಕ್ಕೆ ಪರ್ಮಿಟ್ ಇದೆಯಾ ಕೇಳಿ. ಗುರುತಿನವರ ಬಿಳಿ ಬೋರ್ಡ್ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ತೆಗೆದುಕೊಂಡು ಹೋದರೆ ಗಡಿಯಲ್ಲೇ ಕೂತು ಫೋನಿನಲ್ಲಿ ಮ್ಯಾಚ್ ನೋಡಬೇಕು. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಕೋಡಿಬಾಗದ ನೀಲಿ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಹಾಫ್‌ಬ್ಯಾಕ್ ಮಾಮಾ, ನಿಮ್ಮ ಆಮ್ಲೆಟ್ ಕಾನೂನು ನಿನ್ನೆ ರಾತ್ರಿ ಹುಡುಗರ ಮುಂದೆ ಓದಿದೆ. ಎರಡೂ ಕಡೆಯವರು ಒಪ್ಪಿದರು. ಆದರೆ ಚಿಕ್ಕಪ್ಪನ ಮಗ ಲೆಕ್ಕ ತೆಗೆದ. ಏಪ್ರಿಲ್ 6ಕ್ಕೂ ಇದು ಲಾಗೂ ಆಗಬೇಕಂತೆ. ಒಂಬತ್ತು ಕಿತ್ತಳೆಯವರಿಗೆ ನಾವು ಆರು ಜನ ಬಾಕಿ ಇದ್ದೇವಂತೆ. ನಾನು ಹೇಳಿದೆ, ಆ ದಿನದ ಮ್ಯಾಚ್ 2-1 ಗೆದ್ದಿದ್ದು ಗೋವಾ, ಫೈನಲ್‌ಗೆ ಹೋಗಿದ್ದು ನಾವು. ಹಾಗಾದರೆ ಗೆದ್ದವರು ಯಾರು? ರಾತ್ರಿ ಹನ್ನೆರಡರವರೆಗೆ ಅದೇ ವಾದ.

ಅಕ್ಕಾ, ಶೌಚಾಲಯದ ವಿಷಯ ನಿಜಕ್ಕೂ ತಲೆಗೆ ಹೊಳೆದಿರಲಿಲ್ಲ. ಈ ಭಾನುವಾರ ಬೈಕಿನಲ್ಲಿ ಹೋಗಿ ದಾರಿಯಲ್ಲಿ ಎಲ್ಲೆಲ್ಲಿ ಇದೆ ನೋಡಿಕೊಂಡು ಬಂದು ಇಲ್ಲೇ ಹಾಕುತ್ತೇನೆ.

ಹಳೇ ಹಾಫ್‌ಬ್ಯಾಕ್:

ಎರಡು ಲೆಗ್ಗಿನ ಮ್ಯಾಚ್ ನಮ್ಮ ಡ್ರೈವರನ ಕಾನೂನಿನಲ್ಲಿ ಇರಲಿಲ್ಲ. ಇಬ್ಬರೂ ಕೊಡಿಸಿ. ನನಗೂ ಒಂದು ಸೀಟು ಇಡು, ಕಿಟಕಿ ಪಕ್ಕದ್ದು. ಘಾಟಿಯಲ್ಲಿ ನನಗೇ ಆಗುವುದಿಲ್ಲ.